ಫ್ರೀ ಸಾಫ್ಟ್‌ವೇರ್ ಮೇಲೆ ಡೌಟಾ? ಮೊದಲು ನೆಟ್ ಕಟ್ ಮಾಡಿ

ಸಣ್ಣ ಅಂಗಡಿಗಳಲ್ಲಿ ಬಿಲ್ಲಿಂಗ್, ಜಿಎಸ್‌ಟಿ, ನೆಟ್ ಬ್ಯಾಂಕಿಂಗ್ ಎಲ್ಲವೂ ಸಾಮಾನ್ಯವಾಗಿ ಒಂದೇ ಕಂಪ್ಯೂಟರ್‌ನಲ್ಲಿ. ಅದಕ್ಕೇ ದುಡ್ಡು ಉಳಿಸೋಕೆ ಹಾಕಿಸಿದ ಕ್ರ್ಯಾಕ್ ಸಾಫ್ಟ್‌ವೇರ್ ದುಬಾರಿಯಾಗುತ್ತದೆ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಅದು ಕೇಳಿದರೆ, ಕಳ್ಳನೇ ಬಂದು ನಾಯಿ ಕಟ್ಟಿಹಾಕಿ ಅಂದ ಹಾಗೆ.

ಅನುಮಾನ ಬಂದಾಗ ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾದರೆ ಸಾಲದು. ಜೊತೆಗೆ ಬಂದ ವೈರಸ್ ಒಳಗೇ ಉಳಿಯಬಹುದು. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್ ಆಗಲೇ ಹೋಗಿರಬಹುದು. ನೆಟ್ ತೆಗೆದು, ಬೇರೆ ಮೊಬೈಲ್ ಅಥವಾ ಕಂಪ್ಯೂಟರ್‌ನಿಂದ ಪಾಸ್‌ವರ್ಡ್ ಬದಲಿಸಿ. ಅದರಲ್ಲೇ ಬದಲಿಸಿದರೆ ಹೊಸದೂ ಕಳ್ಳರ ಕೈಗೆ ಸಿಗಬಹುದು. ವೈರಸ್ ತೆಗೆಯುವ ಟೂಲ್‌ಗಳನ್ನು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೇ ಉಚಿತವಾಗಿ ಕೊಡುತ್ತದೆ.

ದುಡ್ಡು ಹೋಗಿದ್ದರೆ, ಕ್ರ್ಯಾಕ್ ಹಾಕಿಸಿದ್ದೆ ಅಂತ ಹಿಂಜರಿಯದೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯೋಕೆ ಅವಕಾಶ ಇರೋದು ಆಗಲೇ.