ಬರ್ನ್ ಮಾಡಿದ ಸಿಡಿಗೆ ಪೂರ್ತಿ ಬೆಲೆ ತೆರಬೇಕೆ?

ಪೂರ್ತಿ ಬೆಲೆ ಕೊಟ್ಟು ತಂದ ಸಂಗೀತದ ಸಿಡಿಯನ್ನು ಮಗುಚಿ ನೋಡಿದಾಗ ಅಡಿಭಾಗದಲ್ಲಿ ಹಸಿರೋ ನೀಲಿಯೋ ಛಾಯೆ ಕಂಡರೆ, ಕೊಂಡವರಿಗೆ ಸಿಟ್ಟು ಬರುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿ ಸಾಮಾನ್ಯವಾಗಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಬಣ್ಣವಿದ್ದರೆ ಅದು ಬಹುಮಟ್ಟಿಗೆ ಸಿಡಿ-ಆರ್, ಬರ್ನ್ ಮಾಡಿದ್ದು. ಸಿಟ್ಟು ನ್ಯಾಯವೇ, ಆದರೆ ಅದಕ್ಕೆ ಜನ ಕೊಡುವ ಕಾರಣ ಸರಿಯಿಲ್ಲ.

‘ನಾದ ಸಪ್ಪೆ’ ಎನ್ನುತ್ತಾರೆ. ಎರಡರಲ್ಲೂ ಇರುವುದು ಸೆಕೆಂಡಿಗೆ 44,100 ಬಾರಿ, 16 ಬಿಟ್‌ಗಳಲ್ಲಿ ಅಳೆದ ಅದೇ ಅಂಕಿಗಳು. ಸಣ್ಣಪುಟ್ಟ ದೋಷಗಳನ್ನು ಪ್ಲೇಯರ್ ತಾನೇ ತಿದ್ದಿಕೊಳ್ಳುತ್ತದೆ. ನೆಟ್ಟಗೆ ಬರ್ನ್ ಆಗಿದ್ದರೆ ಕಿವಿಗೆ ವ್ಯತ್ಯಾಸ ಸಿಗದು.

ವ್ಯತ್ಯಾಸವಿರುವುದು ಆಯುಷ್ಯದಲ್ಲಿ. ಕಾರ್ಖಾನೆಯಲ್ಲಿ ಮೊದಲು ಗಾಜಿನ ಮಾಸ್ಟರ್, ಅದರಿಂದ ನಿಕಲ್ ಅಚ್ಚು; ಕರಗಿದ ಪಾಲಿಕಾರ್ಬೊನೇಟ್ ಆ ಅಚ್ಚಿನಲ್ಲಿ ಗಟ್ಟಿಯಾದಾಗ ಸಂಗೀತವೇ ಪ್ಲಾಸ್ಟಿಕ್ಕಿನ ಕುಳಿಗಳಾಗಿ ಉಳಿಯುತ್ತದೆ. ಸಿಡಿ-ಆರ್‌ನಲ್ಲಿ ಕುಳಿಗಳಿಲ್ಲ. ತೆಳುವಾದ ಸಾವಯವ ಬಣ್ಣದ ಪದರವನ್ನು ಲೇಸರ್ ಕಾಯಿಸಿ ಗುರುತು ಮೂಡಿಸುತ್ತದೆ. ಬಿಸಿಲು, ಸೆಕೆ, ತೇವ ಆ ಬಣ್ಣವನ್ನು ಕೆಡಿಸಬಲ್ಲವು. ಸಯನೀನ್ ಎಂಬ ಬಣ್ಣ ಬೆಳಕಿಗೆ ಬೇಗ ಸೋಲುತ್ತದೆ, ಥ್ಯಾಲೊಸಯನೀನ್ ಎಂಬುದು ಹೆಚ್ಚು ತಾಳುತ್ತದೆ. ತನಗೆ ಸಿಕ್ಕಿದ್ದು ಯಾವುದೆಂದು ಕೊಳ್ಳುವವನಿಗೆ ಯಾರೂ ಹೇಳುವುದಿಲ್ಲ. ಹಾಗೆಂದು ಅಚ್ಚೊತ್ತಿದ ಸಿಡಿ ಚಿರಂಜೀವಿಯೇನಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆ ಸುಮಾರು 1988ರಿಂದ 1993ರವರೆಗೆ ತಯಾರಿಸಿದ ಅನೇಕ ಸಿಡಿಗಳು, ಮೇಲ್ಲೇಪ ಗಂಧಕವನ್ನು ತಡೆಯಲಾರದೆ, ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು.

ಇಷ್ಟಾದರೂ ಸಿಡಿ-ಆರ್ ಮಾರುವುದೇ ತಪ್ಪೆನ್ನಲು ನಾನು ಒಪ್ಪುವುದಿಲ್ಲ. ಮೋಸೆಸ್ ಆಶ್ 1948ರಲ್ಲಿ ನ್ಯೂಯಾರ್ಕಿನಲ್ಲಿ ಫೋಕ್‌ವೇಸ್ ರೆಕಾರ್ಡ್ಸ್ ಕಟ್ಟಿದರು. ಜನಪದ ಹಾಡು, ಕವಿಗಳ ವಾಚನ, ಕಪ್ಪೆಗಳ ಕೂಗು—ಎಲ್ಲವೂ ಅಲ್ಲಿತ್ತು. ಅವರು 1986ರಲ್ಲಿ ತೀರಿಕೊಂಡರು. ಮರುವರ್ಷ ಸ್ಮಿತ್ಸೋನಿಯನ್ ಸಂಸ್ಥೆ ಆ ಸಂಗ್ರಹವನ್ನು ಪಡೆದದ್ದು ಒಂದು ಷರತ್ತಿನ ಮೇಲೆ: 2,168 ಆಲ್ಬಮ್‌ಗಳಲ್ಲಿ ಒಂದೂ ಅಲಭ್ಯವಾಗಕೂಡದು. ವರ್ಷಕ್ಕೆ ಬೆರಳೆಣಿಕೆಯಷ್ಟು ಜನ ಕೇಳುವ ಆಲ್ಬಮ್ಮಿಗೆ ಗಾಜಿನ ಮಾಸ್ಟರ್ ಮಾಡಿಸಿ ನೂರಾರು ಪ್ರತಿ ಒತ್ತಿಸುವುದು ಯಾರಿಗೂ ಗಿಟ್ಟದು. ಮೊದಲು ಕ್ಯಾಸೆಟ್, ಆಮೇಲೆ ಸಿಡಿ-ಆರ್: ಕೇಳಿದವರಿಗೆ ಒಂದೊಂದೇ ಪ್ರತಿ ಮಾಡಿಕೊಟ್ಟು ಸಂಸ್ಥೆ ಮಾತು ಉಳಿಸಿಕೊಂಡಿತು. ಕ್ಯಾಸೆಟ್ ಕಾಲದಲ್ಲೇ ನಿಂತುಹೋದ ನಮ್ಮ ಗಮಕ ವಾಚನಗಳಿಗೂ ಭಾವಗೀತೆಗಳಿಗೂ ಇಂಥ ಹಟಮಾರಿ ಪೋಷಕರು ಸಿಕ್ಕಿದ್ದರೆ ಎಂದು ಆಸೆಯಾಗುತ್ತದೆ.

ಆದರೆ ಸಾವಿರಗಟ್ಟಲೆ ಬಿಕರಿಯಾಗುವ ಆಲ್ಬಮ್ಮನ್ನು ಬರ್ನ್ ಮಾಡಿ, ಹೊದಿಕೆಯ ಮೇಲೆ ಚಕಾರವೆತ್ತದೆ ಅಚ್ಚಿನ ಬೆಲೆಗೇ ಮಾರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಲ್ಲಿ ಮಾರುವವನು ಒತ್ತಿಸುವ ಖರ್ಚನ್ನು ಉಳಿಸಿಕೊಂಡು, ಬಾಳಿಕೆಯ ಅಪಾಯವನ್ನು ಕೊಳ್ಳುವವನ ತಲೆಗೆ ಕಟ್ಟುತ್ತಿದ್ದಾನೆ. ‘ಇದು ಸಿಡಿ-ಆರ್’ ಎಂದು ಕಾಣುವಂತೆ ಅಚ್ಚಾಗಬೇಕು, ಬೆಲೆ ಇಳಿಯಬೇಕು. ಅದಕ್ಕಿಂತ ಮುಖ್ಯವಾಗಿ, ಡಿಸ್ಕಿನ ಜತೆಗೇ ನಷ್ಟವಿಲ್ಲದ ಗುಣಮಟ್ಟದ ಫೈಲನ್ನೂ ಕೊಡಬೇಕು. ಬರ್ನ್ ಮಾಡಿದ್ದೇ ಆ ಫೈಲಿನಿಂದ. ಅದನ್ನು ಕೊಡುವುದಕ್ಕೆ ಮಾರುವವನಿಗೆ ಹೆಚ್ಚಿನ ಖರ್ಚೇನೂ ಇಲ್ಲ.

ಫೈಲ್ ಸಿಕ್ಕ ಮೇಲೆ ಡಿಸ್ಕ್ ಏಕೆ ಎಂದು ಕೇಳುವವರಿದ್ದಾರೆ. ಆಶ್ ತಮ್ಮ ಆಲ್ಬಮ್‌ಗಳ ಜತೆ ಟಿಪ್ಪಣಿ ಪುಸ್ತಿಕೆಗಳನ್ನು ಇಡುತ್ತಿದ್ದರು: ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭ. ಅಂಥ ಪುಸ್ತಿಕೆಯೊಡನೆ ಬರುವುದಾದರೆ ಸಿಡಿ-ಆರ್‌ಗೂ ನಾನು ಸಂತೋಷದಿಂದ ದುಡ್ಡು ಕೊಡುತ್ತೇನೆ.