ಪುಕ್ಕ ಕೆಂಪಗಿದ್ರೆ ನಾಟಿ ಕೋಳಿನಾ? ಹೊಸತೊಡಕಿಗೆ ಮುಂಚೆ ತಿಳ್ಕೊಬೇಕಾದ ಲೆಕ್ಕ

ಮಂಡ್ಯ: ಯುಗಾದಿ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಹಬ್ಬಕ್ಕಿಂತ ಮಾರನೇ ದಿನದ ಹೊಸತೊಡಕಿನದ್ದೇ ಮಾತು. ಸಂತೆಯಲ್ಲಿ ಕಾಲು ಕಟ್ಟಿದ ಕೋಳಿಗಳ ಸಾಲು, ಹೆದ್ದಾರಿ ಪಕ್ಕದ ಹೋಟೆಲುಗಳಲ್ಲಿ 'ನಾಟಿ ಕೋಳಿ ಸಾರು, ಮುದ್ದೆ' ಬೋರ್ಡು. ಬಾಯ್ಲರ್‌ಗಿಂತ ದುಪ್ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಕೊಟ್ಟು ಜನ ನಾಟಿ ತಗೋತಾರೆ. ತಗೊಳ್ಳುವಾಗ ನೋಡೋದು ಏನು? ಬಣ್ಣ. ಬಿಳಿ ಇದ್ರೆ ಫಾರಂ, ಕೆಂಪು, ಕಪ್ಪು, ಬೂದು ಇದ್ರೆ ನಾಟಿ. ಈ ಲೆಕ್ಕ ಒಂದು ಕಾಲಕ್ಕೆ ಹೆಚ್ಚುಕಮ್ಮಿ ಸರಿ ಇತ್ತು. ಈಗ ಅಲ್ಲ.

ಬಣ್ಣದ ಕೋಳಿ ಬಂದಿದ್ದು ಎಲ್ಲಿಂದ?

ಬೆಂಗಳೂರಿನ ಹೆಬ್ಬಾಳದಲ್ಲಿ 1980ರ ದಶಕದ ಕೊನೆಗೆ ಗಿರಿರಾಜ ತಳಿ ತಯಾರಾಯ್ತು. 2005ರಲ್ಲಿ ಸ್ವರ್ಣಧಾರ ಬಂತು. ಹೈದರಾಬಾದಿನ ಕೇಂದ್ರ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ಬಂದವು. ಇವಕ್ಕೆ ಬಣ್ಣದ ಪುಕ್ಕ ಇಟ್ಟಿದ್ದು ಯಾರಿಗೂ ಟೋಪಿ ಹಾಕೋಕಲ್ಲ. ಹಿತ್ತಲಲ್ಲಿ ಮೇಯೋ ಬಿಳಿ ಕೋಳಿ ಹದ್ದು, ಮುಂಗುಸಿ ಕಣ್ಣಿಗೆ ಬೇಗ ಬೀಳುತ್ತೆ. ಬಣ್ಣದ್ದಾದ್ರೆ ಪೊದೆ, ಮಣ್ಣಿನ ಜೊತೆ ಸೇರಿಹೋಗುತ್ತೆ. ನಾಟಿ ಯಾಟೆ ವರ್ಷಕ್ಕೆ 50-60 ಮೊಟ್ಟೆ ಇಟ್ರೆ, ಗಿರಿರಾಜ 130-150, ಸ್ವರ್ಣಧಾರ 180-190 ಇಡುತ್ತೆ. ಬಡವರ ಮನೆಗೆ ಇದು ಒಳ್ಳೇದೇ. ತೊಂದರೆ ಶುರುವಾಗಿದ್ದು ಅದನ್ನೇ 'ನಾಟಿ' ಅಂತ ಮಾರೋಕೆ ಹೊರಟಾಗ.

ಬಣ್ಣ ಹೇಳೋದು ಸ್ವಲ್ಪ, ಮುಚ್ಚಿಡೋದು ಜಾಸ್ತಿ

ಪುಕ್ಕದ ಬಣ್ಣವನ್ನ ನಿರ್ಧರಿಸೋದು ಕೆಲವೇ ಜೀನ್‌ಗಳು. ತೂಕ, ಮೊಟ್ಟೆ, ರೋಗ ತಡೆಯೋ ಶಕ್ತಿ, ಕಾವಿಗೆ ಕೂರೋ ಬುದ್ಧಿ ಇವೆಲ್ಲ ಹತ್ತಾರು ಜೀನ್‌ಗಳ ಒಟ್ಟು ಕೆಲಸ. ಹಾಗಾಗಿ ಬೇಗ ಬೆಳೆಯೋ ಕೋಳಿಗೆ ಕೆಂಪು ಪುಕ್ಕ ತರಿಸೋದು ಕಷ್ಟವಲ್ಲ. ಆದ್ರೆ ನಾಟಿಯ ಗುಣ ಪೂರ್ತಿ ತರಿಸೋದು ಬಹಳ ಕಷ್ಟ.

ಇನ್ನೊಂದು ಉದಾಹರಣೆ ನೋಡಿ. ಬಿಳಿ ಲೆಗ್‌ಹಾರ್ನ್ ಕೋಳಿಯ ಬಿಳಿ ಬಣ್ಣ ಜೋರಿನದ್ದು, ಬೇರೆ ಬಣ್ಣನ ಅದುಮಿಡುತ್ತೆ. ಅದಕ್ಕೆ ಬಣ್ಣದ ಹುಂಜ ಕೂಡಿಸಿದ್ರೆ ಮರಿಗಳು ಹೆಚ್ಚುಕಮ್ಮಿ ಬಿಳಿಯೇ. ಆ ಬಿಳಿ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದ್ರೆ ಮುಂದಿನ ತಲೆಮಾರಲ್ಲಿ ಸುಮಾರು ನಾಲ್ಕಕ್ಕೊಂದು ಬಣ್ಣದ್ದು ಹುಟ್ಟುತ್ತೆ. ಆ ಕೆಂಪು ಮರಿಯ ಅಜ್ಜಿ ಫಾರಂ ಕೋಳಿ ಅಂತ ಸಂತೆಯಲ್ಲಿ ಯಾರಿಗೆ ಗೊತ್ತಾಗುತ್ತೆ?

ಹ್ಯಾಚರಿಯವರಿಗೆ ಬಣ್ಣ ಬೇರೆ ರೀತಿ ಉಪಯೋಗಕ್ಕೆ ಬರುತ್ತೆ. ಕೋಳಿಯಲ್ಲಿ ತಾಯಿಯ ಕೆಲವು ಬಣ್ಣದ ಜೀನ್ ಗಂಡುಮರಿಗೆ ಮಾತ್ರ ಹೋಗುತ್ತೆ. ಅಂಥ ಬೆಳ್ಳಿ ಬಣ್ಣದ ಜೀನ್ ಇರೋ ಯಾಟೆಗೆ ರೋಡ್ ಐಲ್ಯಾಂಡ್ ರೆಡ್ ಥರದ ಕೆಂಪು ಹುಂಜ ಬಿಟ್ರೆ ಹೆಣ್ಣುಮರಿ ಕೆಂಪಗೆ, ಗಂಡುಮರಿ ತಿಳಿ ಹಳದಿಯಾಗಿ ಹುಟ್ಟುತ್ತೆ. ಮೊದಲ ದಿನವೇ ಬೇರ್ಪಡಿಸಬಹುದು. ಮೊಟ್ಟೆ ಫಾರಂಗೆ ಗಂಡುಮರಿ ಬೇಡ. ಊರೂರಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಅಗ್ಗಕ್ಕೆ ಮಾರೋ ಮರಿಗಳು ಸಾಮಾನ್ಯವಾಗಿ ಹೀಗೆ ಬೇಡವಾದ ಗಂಡುಮರಿಗಳೇ. ಪುಕ್ಕ ಬರ್ತಿದ್ದ ಹಾಗೆ ಹಚ್ಚಿದ ಬಣ್ಣ ಹೋಗುತ್ತೆ. ಮೊಟ್ಟೆ ಇಡುತ್ತೆ ಅಂತ ಕಾದವರಿಗೆ ಹುಂಜ ಕೂಗುತ್ತೆ.

ಕಪ್ಪು ಬಣ್ಣದ ವ್ಯಾಪಾರ

ಕಡಕ್‌ನಾಥ್ ವಿಷಯದಲ್ಲೂ ಇದೇ ಕಥೆ. ಮಧ್ಯಪ್ರದೇಶದ ಝಾಬುವಾ ಭಾಗದ ಈ ಕೋಳಿಗೆ 2018ರಲ್ಲಿ ಜಿಐ ಮಾನ್ಯತೆ ಸಿಕ್ತು. ಅದರ ಚರ್ಮ, ಮಾಂಸ ಕಪ್ಪಾಗಿಸೋ ಜೀನ್ ಕೂಡ ಜೋರಿನದ್ದೇ. ಬೇರೆ ಕೋಳಿ ಜೊತೆ ಬೆರಕೆ ಮಾಡಿದ್ರೂ ಮರಿಗಳಲ್ಲಿ ಕಪ್ಪು ಕಾಣಿಸಿಕೊಳ್ಳುತ್ತೆ. ಅಂದ್ರೆ ಕಪ್ಪಗಿರೋದೆಲ್ಲ ಅಸಲಿ ಕಡಕ್‌ನಾಥ್ ಅಲ್ಲ. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಡಕ್‌ನಾಥ್ ಸಾಕಾಣಿಕೆ ಹೆಸರಲ್ಲಿ ರೈತರಿಂದ ಹಣ ಕಟ್ಟಿಸಿಕೊಂಡು ವಂಚಿಸಿದ ಆರೋಪದ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. ಬಣ್ಣಕ್ಕೆ ದುಡ್ಡು ಸುರಿಯೋ ಮುಂಚೆ ಅದು ನೆನಪಿರಲಿ.

ನಿಜವಾದ ನಷ್ಟ ಯಾರಿಗೆ?

ಸಾರು ತಿಂದವನಿಗೆ ನಷ್ಟ ಒಂದು ಹೊತ್ತಿನದ್ದು. ಸಾಕೋ ಹೆಂಗಸರಿಗೆ ಹಾಗಲ್ಲ. ಮಗು ಫೀಸು, ಸಂಘದ ಕಂತು, ಆಸ್ಪತ್ರೆ ಖರ್ಚು ಬಂದಾಗ ಮಂಕರಿ ಕೆಳಗಿನ ಎರಡು ಕೋಳಿ ಮಾರಿ ದುಡ್ಡು ಹೊಂದಿಸೋ ಮನೆಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ನಾಟಿ ಯಾಟೆಯ ದೊಡ್ಡ ಆಸ್ತಿ ಅಂದ್ರೆ ಕಾವಿಗೆ ಕೂರೋದು. ಮೊಟ್ಟೆ ಇಟ್ಟು, ಮರಿ ಮಾಡಿ, ಹದ್ದು ಬಂದ್ರೆ ರೆಕ್ಕೆ ಕೆಳಗೆ ಮುಚ್ಚಿಕೊಂಡು ಸಾಕುತ್ತೆ. ಕರೆಂಟು ಬೇಡ, ಮಿಷಿನ್ನು ಬೇಡ. ಜಾಸ್ತಿ ಮೊಟ್ಟೆಗೆ ಅಂತ ಮಾಡಿದ ತಳಿಗಳಲ್ಲಿ ಈ ಗುಣ ಕಡಿಮೆ. ಊರಲ್ಲಿ ಒಬ್ಬರು ಅಂಥ ದಪ್ಪ ಹುಂಜ ಬಿಟ್ರೆ ಸಾಕು, ಸುತ್ತಲ ನಾಟಿ ಯಾಟೆಗಳೆಲ್ಲ ಬೆರಕೆ ಮರಿ ಮಾಡ್ತವೆ. ಮೊದಲ ಮರಿಗಳು ತೂಕ ಚೆನ್ನಾಗಿ ಬರ್ತವೆ, ಖುಷಿಯಾಗುತ್ತೆ. ಅವುಗಳ ಮರಿಗಳಲ್ಲಿ ಗುಣ ಚೆದುರಿಹೋಗುತ್ತೆ. ಕಾವಿಗೆ ಕೂರೋ ಯಾಟೆ ಕಡಿಮೆಯಾದಷ್ಟೂ ಪ್ರತಿ ಸಲ ಹ್ಯಾಚರಿ ಮುಂದೆ ನಿಲ್ಲಬೇಕು.

ಏನು ಮಾಡಬಹುದು?

ಕೊಳ್ಳೋರು ಬಣ್ಣ ಬಿಟ್ಟು ವಯಸ್ಸು ಕೇಳಿ. ನಾಟಿ ಕೋಳಿ ಒಂದೂವರೆ ಕೆಜಿ ತೂಗೋಕೆ ಐದಾರು ತಿಂಗಳು ಹಿಡಿಯುತ್ತೆ. ಎರಡು ತಿಂಗಳಿಗೇ ಅಷ್ಟು ತೂಗೋದು ನಾಟಿ ಅಲ್ಲ. ಹುಂಜದ ಕಾಲಿನ ಮುಳ್ಳು ನೋಡಿ: ಮೈ ದಪ್ಪ ಇದ್ದು ಮುಳ್ಳು ಇನ್ನೂ ಮೊಳಕೆ ಥರ ಇದ್ರೆ ಅದು ಬೇಗ ಬೆಳೆದ ಎಳೆ ಕೋಳಿ ಇರಬಹುದು.

ಸಾಕೋರು ಮರಿ ಚೆನ್ನಾಗಿ ಸಾಕಿದ ಯಾಟೆಯ ಮಗನನ್ನೇ ಬೀಜದ ಹುಂಜ ಮಾಡಿ. ಅದನ್ನ ತಾಯಿ, ತಂಗಿ, ಮಕ್ಕಳ ಜೊತೆ ಬಿಡಬೇಡಿ. ಬೇರೆ ಮನೆಯವರ ಜೊತೆ ಅದಲು ಬದಲು ಮಾಡ್ಕೊಳ್ಳಿ. ಎಂಟು-ಹತ್ತು ಯಾಟೆಗೆ ಒಂದು ಹುಂಜ ಸಾಕು. ಹಳೇ ಹುಂಜ ತೆಗೆದ ಮೇಲೆ ಮೂರು ವಾರ ಮೊಟ್ಟೆ ಕಾವಿಗೆ ಇಡಬೇಡಿ. ಹಳೇ ಹುಂಜದ ಬೀಜ ಯಾಟೆಯ ಮೈಯಲ್ಲಿ ಎರಡು ವಾರಕ್ಕೂ ಮೇಲೆ ಉಳಿದಿರುತ್ತೆ.

ಇಲಾಖೆ ಮಾಡಬೇಕಾದ್ದೂ ಇದೆ. ಮರಿ ಹಂಚುವಾಗ ಇದು ಸುಧಾರಿತ ತಳಿ, ಇದರ ಮೊಟ್ಟೆ ಮರಿಗೆ ಇಟ್ರೆ ಅದೇ ಗುಣ ಬರಲ್ಲ ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಅದಕ್ಕೆ ದೊಡ್ಡ ಯೋಜನೆ ಏನೂ ಬೇಕಿಲ್ಲ. ಗಿರಿರಾಜ ಸಾಕೋರು ಗಿರಿರಾಜ ಅಂತಲೇ ಮಾರಲಿ, ನಾಟಿ ಉಳಿಸಿಕೊಂಡವರಿಗೆ ನಾಟಿ ರೇಟು ಸಿಗಲಿ. ಈಗ ಇಬ್ಬರಿಗೂ ಒಂದೇ ರೇಟು ಸಿಗ್ತಿದೆ, ಹಾಗಾಗಿ ಆರು ತಿಂಗಳು ಕಾಯೋ ಮನಸ್ಸು ಯಾರಿಗೂ ಉಳೀತಿಲ್ಲ.