ಪರಮಾಣುವಿನ ಚಿತ್ರವೂ ಅದರ ಅಳತೆಯೂ

ಪದಾರ್ಥವಿಜ್ಞಾನದ ಪಾಠದ ವೇಳೆಯಲ್ಲಿ ಹುಡುಗಿಯರು ಹಗ್ಗವನ್ನು ಹಿಡಿದು ಆಟದ ಬಯಲಿನಲ್ಲಿ ನಿಂತಿರುವುದನ್ನು ಕಂಡು, ಇದು ಕಾಲಹರಣವಲ್ಲವೇ ಎಂದು ಕೆಲವು ಪೋಷಕರು ಕೇಳುವುದುಂಟು. ಅಲ್ಲವೆಂಬುದೇ ನನ್ನ ಅಭಿಪ್ರಾಯ. ಅದರ ಕಾರಣವನ್ನು ಇಲ್ಲಿ ಅರಿಕೆಮಾಡುತ್ತೇನೆ.

ಪಠ್ಯಪುಸ್ತಕದಲ್ಲಿ ಪರಮಾಣುವಿನ ಚಿತ್ರವನ್ನು ನೋಡದವರಾರು? ನಡುವೆ ಬಟಾಣಿಯಷ್ಟು ದೊಡ್ಡ ನ್ಯೂಕ್ಲಿಯಸ್ಸು, ಸುತ್ತಲೂ ಬಳೆಗಳಂತೆ ಎಲೆಕ್ಟ್ರಾನುಗಳ ಹಾದಿ. ಅಳತೆಯ ವಿಷಯದಲ್ಲಿ ಈ ಚಿತ್ರವು ಶುದ್ಧ ಸುಳ್ಳು. ಚಿನ್ನದ ಪರಮಾಣುವನ್ನು 10 ಸೆಂಟಿಮೀಟರ್ ಅಗಲವಾಗಿ ಬರೆದರೆ ಅದರ ನ್ಯೂಕ್ಲಿಯಸ್ಸು ಕೂದಲೆಳೆಯ ದಪ್ಪದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಪುಸ್ತಕದ ಅಚ್ಚಿಗೆ ಅದು ಸಿಕ್ಕುವಂಥದಲ್ಲ.

ಆದಕಾರಣ ಬಯಲಿನ ನಡುವೆ ರಾಗಿಯ ಕಾಳೊಂದನ್ನಿರಿಸಿ, ಅದನ್ನು 1 ಮಿಲಿಮೀಟರ್ ಎಂದೆಣಿಸಿ, 10 ಮೀಟರ್ ಹಗ್ಗದಿಂದ ವೃತ್ತವನ್ನು ಎಳೆಯಿಸುತ್ತೇವೆ. ಕಾಳು ಚಿನ್ನದ ನ್ಯೂಕ್ಲಿಯಸ್ಸಾದರೆ ವೃತ್ತವೇ ಪರಮಾಣು. ಒಂದಕ್ಕೆ ಸುಮಾರು 20,000 ಪಾಲು. ತೂಕದಲ್ಲಿಯಾದರೋ ನೂರಕ್ಕೆ 99.9ಕ್ಕಿಂತ ಹೆಚ್ಚು ಆ ಕಾಳಿನಲ್ಲಿಯೇ ಅಡಗಿದೆ. ಹೈಡ್ರೋಜನ್ನಿಗೆ ಇಷ್ಟು ಸಾಲದು. ಅದೇ ಕಾಳಿಗೆ 60 ಮೀಟರಿಗೂ ಮಿಕ್ಕ ಅಗಲದ ವೃತ್ತ ಬೇಕು. ಎಲ್ಲಾ ಪರಮಾಣುಗಳಿಗೂ ಒಂದೇ ಪ್ರಮಾಣವೆಂದು ಬಾಯಿಪಾಠ ಮಾಡಿದವಳು ಇಲ್ಲಿ ತಬ್ಬಿಬ್ಬಾಗುತ್ತಾಳೆ. ಚಿನ್ನದ ನ್ಯೂಕ್ಲಿಯಸ್ಸು ಹೈಡ್ರೋಜನ್ನಿನದಕ್ಕಿಂತ ಸುಮಾರು ಎಂಟು ಪಾಲು ಅಗಲ. ಪರಮಾಣುವು ಮೂರು ಪಾಲೂ ಇಲ್ಲ.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬವರು ತೆಳುವಾದ ಲೋಹದ ರೇಕುಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುತೇಕ ಎಲ್ಲವೂ ದಾಟಿಹೋದುವು. ಸಾವಿರಾರರಲ್ಲಿ ಒಂದು ಮಾತ್ರ ಹಿಂದಕ್ಕೆ ಮರಳಿತು. ಇದರಿಂದಲೇ ರದರ್‌ಫರ್ಡರು 1911ರಲ್ಲಿ ನ್ಯೂಕ್ಲಿಯಸ್ಸಿನ ಇರವನ್ನು ತರ್ಕಿಸಿದರು. ಬಟಾಣಿಯ ಚಿತ್ರವನ್ನೇ ನಂಬಿದ ಹುಡುಗಿಗೆ ಇದು ಒಗಟು. ಹಗ್ಗ ಹಿಡಿದು ಸುತ್ತಿದವಳಿಗೆ ವಿವರಣೆಯೇ ಬೇಡ.

ಹಾಗೆಂದು ಉಳಿದುದೆಲ್ಲಾ ಬರಿದೆಂದು ಹೇಳಿಬಿಡುವುದೂ ಸರಿಯಲ್ಲ. ಎಲೆಕ್ಟ್ರಾನು ಗ್ರಹದಂತೆ ಸುತ್ತುವ ಗುಂಡಲ್ಲ. ಅಲೆಯ ರೂಪದಿಂದ ಆ ವೃತ್ತವನ್ನೆಲ್ಲಾ ವ್ಯಾಪಿಸಿದೆ. ವೃತ್ತದ ಅಂಚೂ ಹಗ್ಗದಷ್ಟು ಖಚಿತವಲ್ಲ. ನಾವು ಕುಳಿತ ಮಣೆಯು ನಮ್ಮನ್ನು ತಡೆದು ಹಿಡಿಯುವುದು ಈ ಎಲೆಕ್ಟ್ರಾನುಗಳ ದೆಸೆಯಿಂದಲೇ.

ಪರೀಕ್ಷೆಯಲ್ಲಿ ಎರಡು ಸಂಖ್ಯೆಗಳನ್ನು ಬರೆದರೆ ಪೂರ್ಣಾಂಕ ದೊರೆಯುತ್ತದೆ, ನಿಜ. ಆದರೆ ಅಚ್ಚಾದ ಚಿತ್ರವನ್ನು ಸಂಖ್ಯೆಯೊಡನೆ ಒರೆಹಚ್ಚಿ ನೋಡದ ಹುಡುಗಿಗೆ ಪೂರ್ಣಾಂಕವನ್ನು ಕೊಡಲು ನನ್ನ ಮನಸ್ಸು ಒಪ್ಪದು. ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಬೇಸಗೆಯ ರಜೆಯಲ್ಲಿ ಮನೆಯಲ್ಲಿಯೂ ಇದನ್ನು ಮಾಡಿಸಬಹುದು. ಹಗ್ಗವಿಲ್ಲದಿದ್ದರೆ ಹೆಜ್ಜೆಗಳಿಂದ ಅಳೆದರೂ ಸಾಕು.